ಬಂದರಿಲ್ಲದ ದಿನ ಹಡಗಿನಲ್ಲಿ ಎಲ್ಲಿ ಕೂರಬೇಕು?

ಕ್ರೂಸ್ ಹಡಗು ಯಾವ ಬಂದರಿಗೂ ಹೋಗದೆ ಬೆಳಗಿನಿಂದ ರಾತ್ರಿಯವರೆಗೆ ನೀರಿನ ಮೇಲೇ ಇರುವ ದಿನಕ್ಕೆ ‘ಸೀ ಡೇ’ ಅನ್ನುತ್ತಾರೆ. ಮೊದಲ ಸಲ ಹೊರಟವರಿಗೆ ಈ ದಿನದ ಬಗ್ಗೆ ಸಣ್ಣ ಭಯ ಇರುತ್ತದೆ, ಇಡೀ ದಿನ ಏನಪ್ಪಾ ಮಾಡೋದು ಅಂತ. ನಿಜವಾಗಿ ದಿನ ಕೆಡಿಸುವುದು ಬೇಸರ ಅಲ್ಲ, ಜನಜಂಗುಳಿ. ಬಂದರಿನ ದಿನ ಬಹಳಷ್ಟು ಪ್ರಯಾಣಿಕರು ಊರು ನೋಡಲು ಇಳಿದುಹೋಗಿರುತ್ತಾರೆ. ಸೀ ಡೇಯಲ್ಲಿ ಎಲ್ಲರೂ ಹಡಗಿನಲ್ಲೇ. ಎಲ್ಲರಿಗೂ ಒಂದೇ ಹೊತ್ತಿಗೆ ಪೂಲ್ ಬೇಕು, ಊಟ ಬೇಕು, ನೆರಳು ಬೇಕು.

2024ರಲ್ಲಿ ಓಡಾಟ ಶುರು ಮಾಡಿದ ಐಕನ್ ಆಫ್ ದ ಸೀಸ್ ಹಡಗಿನಲ್ಲಿ ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದರೇ 5,610 ಪ್ರಯಾಣಿಕರು. ಅದರಲ್ಲಿ 7 ಪೂಲ್ ಇವೆ. ಭಾಗಾಕಾರ ನೀವೇ ಮಾಡಿಕೊಳ್ಳಿ.

ಹಾಗಾಗಿ ‘ಹಡಗಿನಲ್ಲಿ ಯಾವ ಜಾಗ ಚೆನ್ನ’ ಅಂತ ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಹೊತ್ತಿಗೆ, ಎಂಥ ಗಾಳಿಗೆ, ಹಡಗು ಯಾವ ದಿಕ್ಕಿಗೆ ಹೋಗುತ್ತಿರುವಾಗ ಅಂತಲೂ ಕೇಳಬೇಕು.

ಪೂಲ್ ಡೆಕ್

ಜಾಹೀರಾತಿನ ಚಿತ್ರಗಳಲ್ಲಿ ಕಾಣುವುದು ಇದೇ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಹಡಗಿನಲ್ಲಿ ಅತಿ ಕಡಿಮೆ ಆರಾಮ ಸಿಗುವ ಜಾಗವೂ ಇದೇ. ಸಂಗೀತ ಜೋರಾಗಿರುತ್ತದೆ, ಆಟದ ಸ್ಪರ್ಧೆಗಳು ನಡೆಯುತ್ತವೆ, ಪೂಲಿನಲ್ಲಿ ಈಜಲು ಕೈ ಚಾಚುವಷ್ಟೂ ಜಾಗ ಇರುವುದಿಲ್ಲ. ಗಲಾಟೆ, ಕುಣಿತ ಇಷ್ಟಪಡುವವರಿಗೆ ಹೇಳಿ ಮಾಡಿಸಿದ ಜಾಗ. ಮಲಗಿ ಪುಸ್ತಕ ಓದಬೇಕು ಅನ್ನುವವರಿಗೆ ಅಲ್ಲ.

ಆದರೆ ಬೆಳಗಿನ 9ಕ್ಕೆ ಮೊದಲು, ಮತ್ತೆ ಸಂಜೆ 5ರ ನಂತರ ಇದೇ ಡೆಕ್ ಬೇರೆಯೇ ಆಗುತ್ತದೆ. ಸಂಜೆ ಎಲ್ಲರೂ ಊಟಕ್ಕೆ ಬಟ್ಟೆ ಬದಲಿಸಲು ಕ್ಯಾಬಿನ್‌ಗೆ ಹೋಗುತ್ತಾರೆ. ಬಿಸಿಲು ಇಳಿದಿರುತ್ತದೆ, ನೀರು ಇನ್ನೂ ಬೆಚ್ಚಗಿರುತ್ತದೆ. ಪೂಲ್ ಬೇಕೇ ಬೇಕು ಅನ್ನುವವರು ಈ ಎರಡು ಹೊತ್ತನ್ನು ಹಿಡಿದುಕೊಂಡರೆ ಸಾಕು, ಮಧ್ಯದ ಆರು ಗಂಟೆಯನ್ನು ಬೇರೆಯವರಿಗೆ ಬಿಟ್ಟುಕೊಡಿ.

ಇನ್ನು ಟವೆಲ್ ಜಗಳ. ಬೆಳಿಗ್ಗೆ ಎದ್ದು ಆರಾಮ ಕುರ್ಚಿಯ ಮೇಲೆ ಟವೆಲ್ ಹಾಸಿ, ತಿಂಡಿಗೆ ಹೋಗಿ, ಮಧ್ಯಾಹ್ನ ಬಂದು ಕೂರುವವರು ಪ್ರತಿ ಹಡಗಿನಲ್ಲೂ ಇರುತ್ತಾರೆ. ಕಾರ್ನಿವಲ್‌ನಂಥ ಕಂಪನಿಗಳಲ್ಲಿ ಸುಮಾರು 40 ನಿಮಿಷ ಯಾರೂ ಬಾರದಿದ್ದರೆ ಸಾಮಾನು ಎತ್ತಿಡುವ ನಿಯಮ ಇದೆ. ನೀವೇ ಎತ್ತಿಡಲು ಹೋಗಬೇಡಿ, ಸಿಬ್ಬಂದಿಗೆ ಹೇಳಿ. ಜಾಗ ಹಿಡಿಯುವ ಈ ಚಟ ಹೊಸದೇನೂ ಅಲ್ಲ ಬಿಡಿ. ಹಳೆಯ ಸಾಗರ ಹಡಗುಗಳ ಕಾಲದಲ್ಲಿ ಇಡೀ ಪ್ರಯಾಣಕ್ಕೆ ಒಂದು ಡೆಕ್ ಕುರ್ಚಿಯನ್ನು ಬಾಡಿಗೆಗೆ ಪಡೆದು, ಅದಕ್ಕೆ ಹೆಸರಿನ ಚೀಟಿ ಸಿಕ್ಕಿಸಿಕೊಳ್ಳುವ ಪದ್ಧತಿ ಇತ್ತು. ಬೆಳಿಗ್ಗೆ 11ಕ್ಕೆ ಅಲ್ಲಿಗೇ ಬಿಸಿ ಸೂಪ್ ಬರುತ್ತಿತ್ತು.

ಬಿಸಿಲಿನ ವಿಷಯದಲ್ಲಿ ಸಮುದ್ರ ಮೋಸ ಮಾಡುತ್ತದೆ. ಗಾಳಿ ತಂಪಾಗಿ ಬೀಸುತ್ತಿರುವುದರಿಂದ ಚರ್ಮ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ನೊರೆಯೆದ್ದ ನೀರು ಅತಿನೇರಳೆ ಕಿರಣಗಳಲ್ಲಿ ಸುಮಾರು ಕಾಲು ಭಾಗವನ್ನು ಹಿಂದಕ್ಕೆ ಚಿಮ್ಮಿಸುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಛತ್ರಿಯ ಕೆಳಗೆ ಕೂತರೂ ಕ್ರೀಮ್ ಹಚ್ಚಿಕೊಂಡೇ ಕೂರಿ.

ಸುತ್ತು ಡೆಕ್: ನನ್ನ ಮತ ಇದಕ್ಕೇ

ಹಡಗಿನ ಕೆಳಗಿನ ಮಹಡಿಗಳಲ್ಲೊಂದರಲ್ಲಿ, ಸಾಮಾನ್ಯವಾಗಿ ಲೈಫ್‌ಬೋಟ್‌ಗಳ ಹತ್ತಿರ, ಪ್ರೊಮನಾಡ್ ಅನ್ನುವ ನಡಿಗೆಯ ಡೆಕ್ ಇರುತ್ತದೆ. ಕೆಲವು ಹಡಗುಗಳಲ್ಲಿ ಇದು ಇಡೀ ಹಡಗನ್ನು ಒಂದು ಸುತ್ತು ಬರುತ್ತದೆ, ಕೆಲವದರಲ್ಲಿ ಎರಡೂ ಮಗ್ಗುಲಲ್ಲಿ ತುಂಡು ತುಂಡಾಗಿರುತ್ತದೆ. ಹಡಗು ಆರಿಸುವಾಗ ಎಷ್ಟು ರೆಸ್ಟೋರೆಂಟ್ ಇವೆ ಅಂತ ಎಣಿಸುವವರು ಇದನ್ನು ನೋಡುವುದೇ ಇಲ್ಲ. ನಾನಾದರೆ ಮೊದಲು ನೋಡುವುದು ಇದನ್ನೇ.

ಇಲ್ಲಿ ಸಂಗೀತ ಇಲ್ಲ. ಮೇಲಿನ ಮಹಡಿ ಚಾಚಿಕೊಂಡಿರುವುದರಿಂದ ನೆರಳು ತಾನಾಗಿ ಸಿಗುತ್ತದೆ. ನೀರು ಹತ್ತಿರ. ನೀರಿನಿಂದ 40 ಮೀಟರ್ ಎತ್ತರದ ಮೇಲಿನ ಡೆಕ್‌ನಲ್ಲಿ ನಿಂತರೆ ದಿಗಂತ ಸುಮಾರು 23 ಕಿ.ಮೀ. ದೂರದಲ್ಲಿರುತ್ತದೆ, 15 ಮೀಟರ್ ಎತ್ತರದಲ್ಲಿ ಸುಮಾರು 14 ಕಿ.ಮೀ. ದೂರ ನೋಡಲು ಮೇಲಿನ ಡೆಕ್ಕೇ ಸರಿ. ಆದರೆ ಬೆಚ್ಚಗಿನ ಸಮುದ್ರದಲ್ಲಿ ಹಾರುವ ಮೀನಿನ ಗುಂಪು ಹಡಗಿನ ಅಲೆಗೆ ಬೆದರಿ ಚಿಮ್ಮುವುದು, ಡಾಲ್ಫಿನ್ ಜೊತೆಯಲ್ಲೇ ಓಡಿ ಬರುವುದು, ಇವೆಲ್ಲ ಕಾಣುವುದು ಕೆಳಗಿನಿಂದ. ಬೆಳಿಗ್ಗೆ ನೀರು ಶಾಂತವಾಗಿರುವಾಗ, ಆದಷ್ಟು ಮುಂದಕ್ಕೆ ಹೋಗಿ ನಿಲ್ಲಿ.

ಎಡ ಮಗ್ಗುಲೋ ಬಲ ಮಗ್ಗುಲೋ? ಇದಕ್ಕೊಂದು ಸುಲಭದ ಲೆಕ್ಕ ಇದೆ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕೆ ಇರುವ ಸಮುದ್ರದಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣದ ಕಡೆ. ಹಡಗು ಪಶ್ಚಿಮಕ್ಕೆ ಹೋಗುತ್ತಿದ್ದರೆ ಎಡ ಮಗ್ಗುಲಿಗೆ ಬಿಸಿಲು, ಬಲಕ್ಕೆ ನೆರಳು. ಪೂರ್ವಕ್ಕೆ ಹೋಗುತ್ತಿದ್ದರೆ ತಿರುಗಾಮುರುಗಾ. ಉತ್ತರಕ್ಕೆ ಹೊರಟ ಹಡಗಿನಲ್ಲಿ ಬೆಳಿಗ್ಗೆ ಬಲಗಡೆ ಬಿಸಿಲು, ಸಂಜೆ ಎಡಗಡೆ. ಕ್ಯಾಬಿನ್‌ನ ಟಿವಿಯಲ್ಲಿ ಹಡಗಿನ ದಾರಿಯ ನಕ್ಷೆ ಬರುತ್ತಿರುತ್ತದೆ. ತಿಂಡಿಗೆ ಮೊದಲು ಒಂದು ಸಲ ನೋಡಿಕೊಂಡರೆ ಆಯಿತು.

ಬಿಸಿಲಿಗಿಂತ ದೊಡ್ಡ ವಿಷಯ ಗಾಳಿ. ಹಡಗು 20 ನಾಟ್ ವೇಗದಲ್ಲಿ ಹೋಗುತ್ತಿದೆ ಅಂದರೆ ಗಂಟೆಗೆ ಸುಮಾರು 37 ಕಿ.ಮೀ. ಸಮುದ್ರದಲ್ಲಿ ಗಾಳಿಯೇ ಇಲ್ಲದಿದ್ದರೂ ಡೆಕ್ ಮೇಲೆ ಅಷ್ಟು ಗಾಳಿ ಬೀಸಿದಂತೆ ಅನಿಸುತ್ತದೆ. ಎದುರಿನಿಂದ ಇನ್ನೊಂದು 20 ನಾಟ್ ಗಾಳಿ ಬಂದರೆ ಎರಡೂ ಸೇರಿ 74 ಕಿ.ಮೀ. ಆಗ ಟೋಪಿ, ಪುಸ್ತಕ, ಟವೆಲ್ ಯಾವುದೂ ನಿಲ್ಲುವುದಿಲ್ಲ, ಮೇಲಿನ ತೆರೆದ ಡೆಕ್‌ಗಳನ್ನು ಮುಚ್ಚಿಬಿಡುವುದೂ ಉಂಟು. ಅದೇ 20 ನಾಟ್ ಗಾಳಿ ಹಿಂದಿನಿಂದ ಬಂದರೆ ಎರಡೂ ಕಳೆದುಹೋಗಿ ಡೆಕ್ ಮೇಲೆ ಎಲೆ ಅಲ್ಲಾಡದ ಸೆಖೆ. ಸಮುದ್ರ ಒಂದೇ, ಗಾಳಿಯ ಜೋರೂ ಒಂದೇ, ಬದಲಾಗಿದ್ದು ದಿಕ್ಕು ಮಾತ್ರ. ಎದುರು ಗಾಳಿಯ ದಿನ ಹಡಗಿನ ಹಿಂಭಾಗದ ಡೆಕ್‌ಗಳಿಗೆ ಹೋಗಿ, ಇಡೀ ಹಡಗೇ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಹಿಂದಿನ ಗಾಳಿಯ ದಿನ ಹಿಂಭಾಗ ಬೇಡ, ಚಿಮಣಿಯ ಹೊಗೆ ಅಲ್ಲೇ ಇಳಿಯಬಹುದು.

ಬಾಲ್ಕನಿಗೆ ಜಾಸ್ತಿ ದುಡ್ಡು ಕೊಡಬೇಕಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ಸೀ ಡೇ ಎಷ್ಟಿವೆ ಅನ್ನುವುದರ ಮೇಲೆ ಉತ್ತರ. ದಿನಕ್ಕೊಂದು ಬಂದರು ಇರುವ ಮೆಡಿಟರೇನಿಯನ್ ಪ್ರಯಾಣದಲ್ಲಿ ಬಾಲ್ಕನಿಯಲ್ಲಿ ಕೂರಲು ಪುರುಸೊತ್ತೇ ಸಿಗುವುದಿಲ್ಲ. ಅಮೆರಿಕದ ಪಶ್ಚಿಮ ಕರಾವಳಿಯಿಂದ ಹವಾಯಿಗೆ ಹೋಗುವಾಗ ನಾಲ್ಕೈದು ದಿನ ಬರೀ ನೀರು, ಬರುವಾಗಲೂ ಅಷ್ಟೇ. ಅಲ್ಲಿ ಬಾಲ್ಕನಿ ದಂಡಕ್ಕಲ್ಲ.

ಬಾಲ್ಕನಿಯ ದೊಡ್ಡ ಲಾಭ, ಯಾರ ಜೊತೆಗೂ ಜಾಗಕ್ಕಾಗಿ ಪೈಪೋಟಿ ಇಲ್ಲ ಅನ್ನುವುದು. ನೈಟಿಯಲ್ಲೋ ಲುಂಗಿಯಲ್ಲೋ ಕೂತು ಕಾಫಿ ಕುಡಿಯಬಹುದು. ಕೊರತೆ ಅಂದರೆ, ಅದು ಒಂದೇ ಮಗ್ಗುಲಿಗೆ ಕಟ್ಟಿಹಾಕುತ್ತದೆ. ಬಿಸಿಲು ಆ ಕಡೆ ಬಿದ್ದರೆ ಮಧ್ಯಾಹ್ನವಿಡೀ ಕೂರಲಾಗದು. ಹೋಗಿ ಅದೇ ದಾರಿಯಲ್ಲಿ ಬರುವ ಪ್ರಯಾಣವಾದರೆ ಎರಡೂ ಸಮಸಮ ಆಗುತ್ತದೆ. ಒಂದೇ ದಿಕ್ಕಿನ ಪ್ರಯಾಣದಲ್ಲಿ ಮಾತ್ರ ಮಗ್ಗುಲು ನೋಡಿ ಕ್ಯಾಬಿನ್ ಹಿಡಿಯಿರಿ.

ಎಲ್ಲ ಬಾಲ್ಕನಿಯೂ ಒಂದೇ ಅಲ್ಲ. ಹಿಂಭಾಗದವು ದೊಡ್ಡದಾಗಿರುವುದು ಜಾಸ್ತಿ, ಹಡಗು ಬಿಟ್ಟುಹೋದ ನೊರೆಯ ದಾರಿ ಕಾಣುತ್ತದೆ, ಗಾಳಿ ಕಡಿಮೆ. ಆದರೆ ಎಂಜಿನ್‌ನ ನಡುಕ ಸ್ವಲ್ಪ ಗೊತ್ತಾಗಬಹುದು. ಪೂಲ್ ಡೆಕ್‌ನ ನೇರ ಕೆಳಗಿನ ಮಹಡಿ ಬೇಡವೇ ಬೇಡ. ಬೆಳಿಗ್ಗೆ ಆರಾಮ ಕುರ್ಚಿ ಎಳೆಯುವ ಕಿರ್‌ಕಿರ್ ಶಬ್ದಕ್ಕೆ ಎಚ್ಚರವಾಗುತ್ತದೆ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಮಹಡಿ ನೋಡಿ.

ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ತೆಗೆದುಕೊಂಡರೆ ಸೀ ಡೇ ಹಾಳಾಗುತ್ತದೆ ಅಂತೇನಿಲ್ಲ. ಕತ್ತಲಲ್ಲಿ ಮಧ್ಯಾಹ್ನದ ನಿದ್ದೆ ಅಲ್ಲಿ ಬಂದಷ್ಟು ಚೆನ್ನಾಗಿ ಬೇರೆಲ್ಲೂ ಬಾರದು. 2011ರ ಡಿಸ್ನಿ ಡ್ರೀಮ್ ಹಡಗಿನಲ್ಲಿ ಇಂಥ ಕ್ಯಾಬಿನ್‌ಗಳಿಗೆ ಹೊರಗಿನ ದೃಶ್ಯವನ್ನು ನೇರವಾಗಿ ತೋರಿಸುವ ಪರದೆಯ ಕಿಟಕಿ ಇಟ್ಟರು, ಆಮೇಲೆ ಬೇರೆ ಕಂಪನಿಗಳೂ ಹಿಂದೆ ಬಂದವು. ಉಳಿಸಿದ ದುಡ್ಡಿನಲ್ಲಿ ಮುಂದೆ ಹೇಳುವ ಸ್ಪಾ ಪಾಸ್ ಕೊಳ್ಳಬಹುದು. ಒಳ್ಳೆಯ ಸುತ್ತು ಡೆಕ್ ಇರುವ ಹಡಗಿನಲ್ಲಿ ಒಳಗಿನ ಕ್ಯಾಬಿನ್, ಸುತ್ತು ಡೆಕ್ ಇಲ್ಲದ ಹಡಗಿನಲ್ಲಿ ಬಾಲ್ಕನಿ. ನನ್ನ ಲೆಕ್ಕ ಇಷ್ಟೇ.

ದುಡ್ಡು ಕೊಟ್ಟು ಕೊಳ್ಳುವ ಶಾಂತಿ

ದೊಡ್ಡವರಿಗೆ ಮಾತ್ರ ಅನ್ನುವ ಡೆಕ್‌ಗಳು ಈಗ ಬಹುತೇಕ ಎಲ್ಲ ದೊಡ್ಡ ಹಡಗಿನಲ್ಲೂ ಇವೆ. ಕಾರ್ನಿವಲ್‌ನ ಸೆರೆನಿಟಿ, ರಾಯಲ್ ಕೆರಿಬಿಯನ್‌ನ ಸೊಲೇರಿಯಂ ಪುಕ್ಕಟೆ. ಪ್ರಿನ್ಸೆಸ್‌ನ ಸ್ಯಾಂಕ್ಚುಯರಿ, ನಾರ್ವೇಜಿಯನ್‌ನ ವೈಬ್ ಬೀಚ್ ಕ್ಲಬ್‌ಗೆ ಬೇರೆ ದುಡ್ಡು. ಪುಕ್ಕಟೆಯ ಜಾಗದಲ್ಲಿ ಮಕ್ಕಳ ಗಲಾಟೆ ಇಲ್ಲದಿದ್ದರೂ ಜನ ತುಂಬಿರುತ್ತಾರೆ. ದುಡ್ಡು ಕೊಡುವ ಜಾಗದಲ್ಲಿ ನಿಮಗೆ ಸಿಗುವುದು ಒಂದೇ: ಕುರ್ಚಿಯ ಖಾತ್ರಿ. ಸೀ ಡೇ ಒಂದೋ ಎರಡೋ ಇದ್ದರೆ ಕೊಡಬಹುದು. ಐದಾರು ದಿನ ಇದ್ದರೆ ಮೂರನೆಯ ದಿನದ ಹೊತ್ತಿಗೆ ಎಲ್ಲಿ ಪುಕ್ಕಟೆ ಮೂಲೆ ಖಾಲಿ ಇದೆ ಅಂತ ನಿಮಗೇ ಗೊತ್ತಾಗಿರುತ್ತದೆ.

ಸ್ಪಾ ವಿಷಯದಲ್ಲಿ ಮಸಾಜ್ ಬೇರೆ, ಥರ್ಮಲ್ ಸೂಟ್ ಬೇರೆ. ಮಸಾಜ್ ಮುಕ್ಕಾಲು ಗಂಟೆಯಲ್ಲೋ ಒಂದು ಗಂಟೆಯಲ್ಲೋ ಮುಗಿಯುತ್ತದೆ, ಬಿಲ್‌ಗೆ ಸೇವಾ ಶುಲ್ಕವೂ ಸೇರುತ್ತದೆ, ಮತ್ತು ಸೀ ಡೇಯಲ್ಲಿ ಬೆಲೆ ಇಳಿಯುವುದಿಲ್ಲ. ರಿಯಾಯಿತಿ ಬರುವುದು ಎಲ್ಲರೂ ಇಳಿದುಹೋಗುವ ಬಂದರಿನ ದಿನ. ಥರ್ಮಲ್ ಸೂಟ್ ಅಂದರೆ ಬಿಸಿ ಕಲ್ಲಿನ ಮಂಚ, ಹಬೆ ಕೋಣೆ, ಸೌನಾ ಇರುವ ಜಾಗ. ಪಾಸ್‌ಗಳನ್ನು ಎಣಿಸಿ ಮಾರುವುದರಿಂದ ನೂಕುನುಗ್ಗಲು ಇರುವುದಿಲ್ಲ. ಇಡೀ ಪ್ರಯಾಣದ ಪಾಸ್‌ಗೆ ಹಡಗು ಹತ್ತಿದ ಮಧ್ಯಾಹ್ನವೇ ಕೇಳಬೇಕು, ಆಮೇಲೆ ಸಿಗದಿರಬಹುದು. ಎರಡರಲ್ಲಿ ಒಂದು ಆರಿಸಿ ಅಂದರೆ ಪಾಸೇ ಆರಿಸಿ. ಬೆಚ್ಚಗಿನ ಕಲ್ಲಿನ ಮೇಲೆ ಮಲಗಿ ದೊಡ್ಡ ಗಾಜಿನಾಚೆ ಸಮುದ್ರ ನೋಡುವುದಕ್ಕೆ ಗಡಿಯಾರ ಇಲ್ಲ.

ಅಲೆ ಎದ್ದ ದಿನ ಲೆಕ್ಕ ತಲೆಕೆಳಗು

ಇಲ್ಲಿವರೆಗೆ ಹೇಳಿದ್ದೆಲ್ಲ ಶಾಂತ ಸಮುದ್ರಕ್ಕೆ. ಅಲೆ ಎದ್ದರೆ ಹಡಗಿನ ಅತಿ ಸುಂದರ ಜಾಗಗಳೇ ಅತಿ ಕಷ್ಟದವಾಗುತ್ತವೆ.

ಕಾರಣ ಇದು. ಹಡಗು ಎರಡು ರೀತಿ ಓಲಾಡುತ್ತದೆ. ಒಂದು, ಎಡಕ್ಕೆ ಬಲಕ್ಕೆ. ಇದನ್ನು ತಗ್ಗಿಸಲು ನೀರಿನೊಳಗೆ ಎರಡೂ ಮಗ್ಗುಲಲ್ಲಿ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ. ಇನ್ನೊಂದು, ಏತದ ಹಾಗೆ ಮುಂಭಾಗ ಏಳುವುದು, ಹಿಂಭಾಗ ಇಳಿಯುವುದು. ಇದಕ್ಕೆ ಆ ರೆಕ್ಕೆಗಳಿಂದ ಹೆಚ್ಚೇನೂ ಉಪಯೋಗವಿಲ್ಲ. ಹಾಗಾಗಿ ಹಡಗಿನ ನಡುಭಾಗ ಕಡಿಮೆ ಅಲ್ಲಾಡುತ್ತದೆ, ಎರಡೂ ತುದಿ ಜಾಸ್ತಿ. ಮೇಲಕ್ಕೆ ಹೋದಷ್ಟೂ ಪಕ್ಕದ ಓಲಾಟವೂ ಜಾಸ್ತಿ. ಮೂರು ಕಡೆ ಗಾಜಿರುವ ಅಬ್ಸರ್ವೇಶನ್ ಲೌಂಜ್ ಎಲ್ಲಿರುತ್ತದೆ? ತುತ್ತತುದಿಯ ಮಹಡಿಯಲ್ಲಿ, ಮುಂಭಾಗದಲ್ಲಿ. ಎಷ್ಟೋ ಹಡಗುಗಳಲ್ಲಿ ಸ್ಪಾ ಕೂಡ ಅಲ್ಲೇ. ಪೂಲ್ ಅಂತೂ ಸಣ್ಣ ಸಮುದ್ರವೇ ಆಗಿ ಅಂಚು ಮೀರಿ ಚೆಲ್ಲುತ್ತದೆ, ಬಲೆ ಹಾಕಿ ಮುಚ್ಚುತ್ತಾರೆ. ಹವಾಮಾನ ಕೆಡುತ್ತದೆ ಅಂತ ಕ್ಯಾಪ್ಟನ್ ಹಿಂದಿನ ದಿನ ಹೇಳಿದ್ದರೆ ಮರುದಿನಕ್ಕೆ ಮಸಾಜ್ ಬುಕ್ ಮಾಡಬೇಡಿ.

ಅಂಥ ದಿನ ಕೆಳಗಿನ ಮಹಡಿಯ ನಡುಭಾಗಕ್ಕೆ ಬನ್ನಿ. ಬಹಳ ಹಡಗುಗಳಲ್ಲಿ ಸ್ವಾಗತ ಕೌಂಟರ್, ಕಾಫಿ ಬಾರ್ ಇರುವುದು ಈ ಭಾಗದಲ್ಲೇ. ಹೊಟ್ಟೆ ತೊಳಸುವುದು ಒಳಕಿವಿ ಒಂದು ಹೇಳಿ, ಕಣ್ಣು ಇನ್ನೊಂದು ಹೇಳುವುದರಿಂದ. ಪುಸ್ತಕ, ಫೋನ್ ಕೆಳಗಿಡಿ. ದಿಗಂತ ಕಾಣುವ ಕಿಟಕಿ ಹುಡುಕಿ, ಅದನ್ನೇ ನೋಡುತ್ತಾ ಕೂರಿ. ಮಾತ್ರೆ ಕೆಲಸ ಮಾಡುವುದು ತೊಳಸು ಶುರುವಾಗುವ ಮೊದಲು ತೆಗೆದುಕೊಂಡರೆ. ಕೆಲವು ಮಾತ್ರೆಗೆ ಜೋರು ನಿದ್ದೆ ಬರುತ್ತದೆ, ಬೇರೆ ಔಷಧಿ ತೆಗೆದುಕೊಳ್ಳುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ. ವಾಂತಿ ಸುಲಭವಾಗಿ ಆಗುವವರು ಕ್ಯಾಬಿನ್ ಬುಕ್ ಮಾಡುವಾಗಲೇ ನಡುಭಾಗ, ಕೆಳಮಹಡಿ ಕೇಳಿ. ಅಂಥವರಿಗೆ ಬಾಲ್ಕನಿಗಿಂತ ಇದು ದೊಡ್ಡ ಐಷಾರಾಮ.

ಊಟ, ಕಾರ್ಯಕ್ರಮ, ಅಂಗಡಿ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಧ್ಯಾಹ್ನ 12ರಿಂದ ಒಂದೂವರೆವರೆಗೆ ಬಫೆಯಲ್ಲಿ ತಟ್ಟೆ ಹಿಡಿದು ಮೇಜು ಹುಡುಕುವುದಕ್ಕಿಂತ, ಕೂರಿಸಿ ಬಡಿಸುವ ಮುಖ್ಯ ಊಟದ ಹಾಲ್‌ಗೆ ಹೋಗಿ. ಎಷ್ಟೋ ಹಡಗುಗಳಲ್ಲಿ ಅದು ಮಧ್ಯಾಹ್ನ ತೆರೆದಿರುವುದು ಸೀ ಡೇಯಲ್ಲಿ ಮಾತ್ರ. ಅದೇ ಊಟ, ಅದೇ ಟಿಕೆಟ್, ನೆಮ್ಮದಿ ಜಾಸ್ತಿ. ಬಫೆಗೇ ಹೋಗುವುದಾದರೆ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ. ಬಾಗಿಲಲ್ಲಿ ಕೊಡುವ ಜೆಲ್‌ಗೆ ವಾಂತಿ-ಭೇದಿ ತರುವ ನೊರೋವೈರಸ್ ಅಷ್ಟಾಗಿ ಬಗ್ಗುವುದಿಲ್ಲ.

ದಿನದ ಕಾರ್ಯಕ್ರಮಗಳ ಪಟ್ಟಿ ಉದ್ದ ಇರುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಆರಿಸಿ ಉಳಿದದ್ದನ್ನು ಮರೆತುಬಿಡಿ. ಅಂಗಡಿ ಮತ್ತು ಕ್ಯಾಸಿನೊ ಸುಂಕದ, ತೆರಿಗೆಯ ಕಾನೂನಿನಿಂದಾಗಿ ಬಂದರಿನಲ್ಲಿ ಸಾಮಾನ್ಯವಾಗಿ ಮುಚ್ಚಿದ್ದು, ಸಮುದ್ರದಲ್ಲಿ ತೆರೆಯುತ್ತವೆ. ಹಾಗಾಗಿ ಸೀ ಡೇ ಅವರ ವ್ಯಾಪಾರದ ದಿನ. ಮೈಕ್‌ನಲ್ಲಿ ಎಷ್ಟೇ ಕರೆದರೂ ಓಡಬೇಕಿಲ್ಲ.

ಟಿಕೆಟ್ ಕೊಳ್ಳುವ ಮೊದಲೇ ಆರಿಸುವುದಾದರೆ

ಸೀ ಡೇ ಇಷ್ಟಪಟ್ಟು ಹೋಗುವವರು ಹಡಗಿನ ಜೊತೆ ದಾರಿಯನ್ನೂ ಹೋಲಿಸಬೇಕು. ಮಕ್ಕಳ ಜೊತೆ ಹೋಗುವವರಿಗೆ ನೀರಿನ ಜಾರುಬಂಡೆಗಳ ದೊಡ್ಡ ಹಡಗು ಸರಿ. ಜಾರುಬಂಡೆ ತೆರೆದ ಮೊದಲ ಅರ್ಧ ಗಂಟೆಯಲ್ಲಿ ಹೋದರೆ ಸಾಲು ಚಿಕ್ಕದು. ಮಕ್ಕಳಿಲ್ಲದ ಶಾಂತಿ ಬೇಕಾದರೆ ವೈಕಿಂಗ್ ಕಂಪನಿಯ ಸಾಗರ ಹಡಗುಗಳಿವೆ, 18 ತುಂಬದವರಿಗೆ ಪ್ರವೇಶವಿಲ್ಲ, ಕ್ಯಾಸಿನೊ ಕೂಡ ಇಲ್ಲ. 2021ರಲ್ಲಿ ಪ್ರಯಾಣ ಶುರು ಮಾಡಿದ ವರ್ಜಿನ್ ವಾಯೇಜಸ್ ಕೂಡ 18 ದಾಟಿದವರಿಗೆ ಮಾತ್ರ, ಆದರೆ ಅಲ್ಲಿ ರಾತ್ರಿಯ ಗದ್ದಲ ಜಾಸ್ತಿ. ಮಕ್ಕಳಿಲ್ಲ ಅಂದರೆ ಸದ್ದಿಲ್ಲ ಅಂತ ಅರ್ಥ ಅಲ್ಲ.

ಬರೀ ಸೀ ಡೇಗಳ ಪ್ರಯಾಣಕ್ಕೆ ಕ್ವೀನ್ ಮೇರಿ 2. 2004ರಿಂದ ಓಡುತ್ತಿರುವ 345 ಮೀಟರ್ ಉದ್ದದ ಈ ಹಡಗನ್ನು ಅಟ್ಲಾಂಟಿಕ್ ದಾಟಲೆಂದೇ ಕಟ್ಟಿದ್ದು. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಸಾಮಾನ್ಯವಾಗಿ 7 ರಾತ್ರಿ, ನಡುವೆ ಬಂದರಿಲ್ಲ. ದೊಡ್ಡ ಗ್ರಂಥಾಲಯ, ತಾರಾಲಯ, ಪೂರ್ತಿ ಸುತ್ತುವ ನಡಿಗೆಯ ಡೆಕ್ ಇವೆ. ಯಾವ ಕಡೆಗೆ ಹೋಗುವುದು ಅನ್ನುವುದೇ ಇಲ್ಲಿ ನಿಜವಾದ ಆಯ್ಕೆ. ಪಶ್ಚಿಮಕ್ಕೆ ಹೋದರೆ ಐದು ಸಲ ಗಡಿಯಾರ ಒಂದೊಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಂದರೆ ಐದು ದಿನ 25 ಗಂಟೆಯವು. ಪೂರ್ವಕ್ಕೆ ಹೋದರೆ 23 ಗಂಟೆಯವು. ನಿದ್ದೆಗೆ ಪಶ್ಚಿಮದ ದಾರಿಯೇ ಸೈ. ಆದರೆ ಆ ಸಮುದ್ರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದಲೇ ಬೀಸುವುದು, ಹಾಗಾಗಿ ಪಶ್ಚಿಮಕ್ಕೆ ಹೋಗುವಾಗ ಡೆಕ್ ಮೇಲೆ ಕೂರುವುದು ಕಷ್ಟ, ಪೂರ್ವಕ್ಕೆ ಬರುವಾಗ ಸುಲಭ. ಹಾಸಿಗೆ ಪ್ರಿಯರಿಗೆ ಒಂದು ದಿಕ್ಕು, ಡೆಕ್ ಪ್ರಿಯರಿಗೆ ಇನ್ನೊಂದು!

ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್ ಒರಟು. ವಿಹಾರಕ್ಕಾಗಿ ಹಡಗು ಹೊರಡುವುದು ಶುರುವಾಗಿದ್ದಕ್ಕೂ ಇದು ಒಂದು ಕಾರಣ. ಚಳಿಗಾಲದಲ್ಲಿ ಪ್ರಯಾಣಿಕರಿಲ್ಲದೆ ಸುಮ್ಮನೆ ನಿಲ್ಲುತ್ತಿದ್ದ ಜರ್ಮನಿಯ ಆಗಸ್ಟಾ ವಿಕ್ಟೋರಿಯಾ ಹಡಗನ್ನು 1891ರ ಜನವರಿಯಲ್ಲಿ ಮೆಡಿಟರೇನಿಯನ್ ಕಡೆ ಪ್ರವಾಸಕ್ಕೆ ಕಳಿಸಿದರು. ಈಗಲೂ ಹಡಗುಗಳು ವಸಂತದಲ್ಲಿ ಒಂದು ಸಮುದ್ರದಿಂದ ಇನ್ನೊಂದಕ್ಕೆ, ಶರತ್ಕಾಲದಲ್ಲಿ ವಾಪಸ್ ಸಾಗುತ್ತವೆ. ಅಂಥ ಪ್ರಯಾಣಗಳಲ್ಲಿ ಸೀ ಡೇ ಜಾಸ್ತಿ, ದಿನದ ಲೆಕ್ಕದಲ್ಲಿ ದರ ಕಡಿಮೆ. ಒಂದೇ ಕಡೆಯ ಪ್ರಯಾಣವಾದ್ದರಿಂದ ವಾಪಸ್ ವಿಮಾನದ ಖರ್ಚು ಸೇರಿಸಿ ನೋಡಿ.

ಕೆಲವು ಪ್ರಯಾಣಗಳಲ್ಲಿ ಬಂದರಿಲ್ಲದಿದ್ದರೂ ಆರಾಮ ಇರದ ದಿನಗಳಿರುತ್ತವೆ. ಅಲಾಸ್ಕದ ಗ್ಲೇಸಿಯರ್ ಬೇ ಅನ್ನುವ ಹಿಮನದಿಗಳ ಕೊಲ್ಲಿಗೆ ದಿನಕ್ಕೆ ಹೆಚ್ಚೆಂದರೆ ಎರಡು ಕ್ರೂಸ್ ಹಡಗು ಬಿಡುತ್ತಾರೆ, ಉದ್ಯಾನದ ರೇಂಜರ್‌ಗಳು ಹಡಗು ಹತ್ತಿ ವಿವರಣೆ ಕೊಡುತ್ತಾರೆ. ಪನಾಮಾ ಕಾಲುವೆ ಸುಮಾರು 80 ಕಿ.ಮೀ., ಹಡಗು ಸಮುದ್ರ ಮಟ್ಟದಿಂದ 26 ಮೀಟರ್ ಎತ್ತರದ ಗಟೂನ್ ಸರೋವರಕ್ಕೆ ಹತ್ತಿ ಇಳಿಯಲು ಹೆಚ್ಚುಕಡಿಮೆ ಇಡೀ ಹಗಲು ಬೇಕು. ಆ ದಿನ ಬೆಳಗಾಗುತ್ತಲೇ ಮುಂಭಾಗದ ಕಟಕಟೆಗೆ ಜನ ಮುತ್ತಿರುತ್ತಾರೆ. ಪಟ್ಟಿಯಲ್ಲಿ ಇವನ್ನು ವಿಶ್ರಾಂತಿಯ ದಿನ ಅಂತ ಎಣಿಸಬೇಡಿ. ಗ್ಲೇಸಿಯರ್ ಮುಂದೆ ಹಡಗು ನಿಧಾನಕ್ಕೆ ತಿರುಗುವುದರಿಂದ ಎರಡೂ ಮಗ್ಗುಲಿನ ಬಾಲ್ಕನಿಗೂ ಅದು ಕಾಣುತ್ತದೆ.

ಕೊನೆಯ ಸೀ ಡೇಯದ್ದು ಬೇರೆ ಕಥೆ. ಮರುದಿನ ಇಳಿಯಬೇಕಾದರೆ ದೊಡ್ಡ ಸೂಟ್‌ಕೇಸ್‌ಗಳನ್ನು ರಾತ್ರಿಯೇ ಕ್ಯಾಬಿನ್ ಬಾಗಿಲಾಚೆ ಇಡಬೇಕು. ಮಧ್ಯಾಹ್ನದ ನಂತರ ಎಲ್ಲರೂ ಸಾಮಾನು ಕಟ್ಟಲು ಕೋಣೆ ಸೇರುತ್ತಾರೆ. ನೀವು ಹಿಂದಿನ ರಾತ್ರಿಯೇ ಕಟ್ಟಿಟ್ಟುಕೊಂಡಿದ್ದರೆ ಆ ಮಧ್ಯಾಹ್ನ ಪೂಲ್ ಡೆಕ್‌ನಲ್ಲೂ ಜಾಗ ಸಿಗುತ್ತದೆ. ಮರುದಿನಕ್ಕೆ ಬೇಕಾದ ಬಟ್ಟೆ, ಪಾಸ್‌ಪೋರ್ಟ್, ಔಷಧಿ ಮಾತ್ರ ಕೈಚೀಲದಲ್ಲೇ ಇರಲಿ.